ನನ್ನ ದೂರದೃಷ್ಟಿಯ ರೇಸ್ ಸೈಕಲ್

ದೂರದೃಷ್ಟಿ ಇರುವ ಗಂಡಸಿಗೆ ಸ್ವಂತ ಮನೆಯಲ್ಲಿ ಮಾತ್ರ ಬೆಲೆ ಇಲ್ಲ. ನಾನು ನಾಳೆಯ ಬಗ್ಗೆ ಗಂಭೀರವಾಗಿ ಯೋಚಿಸಲು ಕೂತಾಗಲೆಲ್ಲ ನನ್ನ ಹೆಂಡತಿ ವೈದೇಹಿಗೆ ಇವತ್ತಿನ ಪಾತ್ರೆಗಳು ನೆನಪಾಗುತ್ತವೆ. ಹ್ಯಾನೋವರ್‌ನ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಆರ್ಕಿಟೆಕ್ಟ್. ಮುಂದೆಂದೋ ಬರಬಹುದಾದ ಗ್ರಾಹಕರಿಗಾಗಿ ಇವತ್ತೇ ಜಾಗ ಬಿಟ್ಟು ಕಟ್ಟುವುದು ನನ್ನ ಕಸುಬು. (ಆ ಗ್ರಾಹಕರು ಬಂದಿದ್ದಾರೆಯೇ ಎಂದು ಕೇಳಬೇಡಿ.)

ಈ ವಸಂತದಲ್ಲಿ ನನಗೆ ರೇಸ್ ಸೈಕಲ್ ಕೊಳ್ಳುವ ಜ್ಞಾನೋದಯವಾಯಿತು. ಆಫೀಸಿನ ಅರ್ಧ ಮಂದಿ ಭಾನುವಾರ ಬೆಳಗ್ಗೆ ಊರಾಚೆಯ ಡೈಸ್ಟರ್ ಗುಡ್ಡಕ್ಕೆ ಸೈಕಲ್ ತುಳಿದು ಹೋಗುತ್ತಾರೆ. ಸೋಮವಾರ ಲಿಫ್ಟಿನಲ್ಲಿ ಅವರ ಮಾತೆಲ್ಲ ಅದರದ್ದೇ. ನಾನು ಆ ಲಿಫ್ಟಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತಿರುತ್ತಿದ್ದೆ. ಆ ಗುಂಪಿನ ಮುಂದಾಳು ನಮ್ಮ ದಾವಣಗೆರೆಯ ಮಹೇಶಕುಮಾರ. ಅವನನ್ನೇ ಊಟಕ್ಕೆ ಕರೆದು ಉಪದೇಶ ಕೇಳಿದೆ.

"ಅಶ್ವತ್ಥಣ್ಣ, ಫ್ರೇಮ್ ಒಂದು ಸರಿಯಾಗಿ ತಗೊಳ್ರಿ ಸಾಕು. ಚಕ್ರ, ಗೇರು, ಸೀಟು, ಹ್ಯಾಂಡಲ್ ಎಲ್ಲಾ ಆಮೇಲೆ ಅಪ್‌ಗ್ರೇಡ್ ಮಾಡ್ಕೋಬೋದು. ಫ್ರೇಮ್ ಮಾತ್ರ ಒಂದ್ಸಲ ಬಂತಂದ್ರೆ ಬಂತು, ಅದಕ್ಕೇನೂ ಮಾಡಾಕಾಗಲ್ಲ."

ಸಾರು ಬಡಿಸುತ್ತಿದ್ದ ವೈದೇಹಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಅದು ನಂಗೊತ್ತು ಬಿಡಿ" ಎಂದಳು.

ಆಮೇಲೆ ಒಂದು ವಾರ ನಾನು ಮೊಬೈಲಿನಲ್ಲಿ ಸೈಕಲ್ ಅಧ್ಯಯನದಲ್ಲಿ ಮುಳುಗಿದೆ. ಕೊನೆಗೆ ಒಂದನ್ನು ಆರಿಸಿ ಅವಳಿಗೆ ತೋರಿಸಿದೆ.

"ನೋಡು, ಮುಂದೆ ಅಗಲದ ಟಯರ್ ಬೇಕು ಅನ್ನಿಸಿದ್ರೆ ಜಾಗ ಇದೆ. ನಾಳೆ ಎಲೆಕ್ಟ್ರಾನಿಕ್ ಗೇರ್ ಹಾಕ್ಸಿದ್ರೆ ವೈರ್ ಹೋಗೋಕೆ ಫ್ರೇಮ್ ಒಳಗೇ ದಾರಿ ಇದೆ."

"ಕೊತ್ತಂಬರಿ ಸೊಪ್ಪು ತರೋಕೆ ದಾರಿ ಎಲ್ಲಿದೆ? ಕ್ಯಾರಿಯರ್ರೇ ಇಲ್ವಲ್ಲ!"

"ರೇಸ್ ಸೈಕಲ್‌ಗೆ ಕ್ಯಾರಿಯರ್ ಹಾಕಿದ್ರೆ ಜನ ನಗ್ತಾರೆ ಕಣೇ."

"ಈಗ ನಗಲ್ವಾ?"

ಅಂತೂ ಒಂದು ಶನಿವಾರ ಸಕುಟುಂಬ ಸಪರಿವಾರವಾಗಿ ಅಂಗಡಿಗೆ ದಯಮಾಡಿಸಿದೆವು. ಅಲ್ಲೊಬ್ಬಳು ಹುಡುಗಿ ಅಳತೆ ಟೇಪು ಹಿಡಿದು ಬಂದು, ಬೂಟು ಬಿಚ್ಚಿ ಗೋಡೆಗೆ ಒರಗಿ ನಿಲ್ಲಿ, ಕಾಲಿನ ಒಳ ಅಳತೆ ತೆಗೆಯಬೇಕು ಎಂದಳು. ನಾನು ಮರ್ಯಾದಸ್ಥ. ಪರಸ್ತ್ರೀಯ ಕೈಗೆ ನನ್ನ ಕಾಲಿನ ಒಳ ಅಳತೆ ಕೊಡುವುದುಂಟೇ? ಬೇಡವೆಂದು ನನ್ನ ಎತ್ತರವನ್ನು ಬಾಯಲ್ಲೇ ಹೇಳಿಬಿಟ್ಟೆ. ಇಲ್ಲೊಂದು ಸಣ್ಣ ವಿಷಯ. ವೈದೇಹಿ ನನಗಿಂತ ನಾಲ್ಕು ಬೆರಳು ಎತ್ತರ. ಅವಳು ಪಕ್ಕದಲ್ಲೇ ನಿಂತಿದ್ದರಿಂದ ನಾನು ಹೇಳಿದ್ದು ಅವಳ ಎತ್ತರಕ್ಕಿಂತ ಒಂದು ಬೆರಳು ಹೆಚ್ಚೇ ಆಯಿತು.

"ಪಾಪಾ, ದಾಸ್ ಷ್ಟಿಮ್ಟ್ ನಿಖ್ಟ್!" ಎಂದಳು ಮಗಳು ಸಂಹಿತಾ. ಹೆತ್ತ ಅಪ್ಪ ಸುಳ್ಳು ಹೇಳುತ್ತಿದ್ದಾನೆಂದು ಅಂಗಡಿಗೆಲ್ಲ ಕೇಳುವಂತೆ ಜರ್ಮನ್ನಿನಲ್ಲಿ ಸಾರಿದಳು, ಮಹಾತಾಯಿ.

ವೈದೇಹಿ ಮಾತ್ರ ತನ್ನ ಚಪ್ಪಲಿಯ ಕಡೆ ನೋಡುತ್ತ ನಿಂತಳು. ಆ ಹುಡುಗಿ ಒಂದು ಸೈಜು ಚಿಕ್ಕದನ್ನೂ ಹತ್ತಿ ನೋಡಿ ಎಂದು ವಿನಯದಿಂದ ಬೇಡಿಕೊಂಡಳು. ನಾನು ಕೇಳಲಿಲ್ಲ, ದೊಡ್ಡದನ್ನೇ ಕೊಂಡು ತಂದೆ.

ಮರುದಿನ ಊರ ನಡುವಿನ ಐಲೆನ್‌ರೀಡೆ ಕಾಡಿನ ದಾರಿಯಲ್ಲಿ ಪ್ರಥಮ ಸವಾರಿ. ಹ್ಯಾಂಡಲ್ ಎಷ್ಟು ದೂರವಿತ್ತೆಂದರೆ, ಅದನ್ನು ಹಿಡಿಯಲು ನಾನು ಸೈಕಲ್ಲಿನ ಮೇಲೆ ಸಾಷ್ಟಾಂಗ ನಮಸ್ಕಾರ ಮಾಡಬೇಕಾಯಿತು. ಓಡುವಾಗ ಹೇಗೋ ನಡೆಯಿತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಕಾಲು ಚಾಚಿದೆ. ನೆಲ ಸಿಗಲಿಲ್ಲ. ಇನ್ನಷ್ಟು ಚಾಚಿದೆ. ಈ ಸಲ ನೆಲ ಸಿಕ್ಕಿತು, ಆದರೆ ಭುಜಕ್ಕೆ. ನಾಯಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು "ಆಲೆಸ್ ಗೂಟ್?" ಎಂದು ಬಗ್ಗಿ ವಿಚಾರಿಸಿದಳು. ಎಲ್ಲ ಕ್ಷೇಮ ಎಂದು ಮಲಗಿದಲ್ಲಿಂದಲೇ ಹೇಳಿದೆ.

ನಾನು ಕನಸು ಕಂಡಿದ್ದ ಅಪ್‌ಗ್ರೇಡುಗಳು ಅಂದಿನಿಂದಲೇ ಶುರುವಾದವು, ಆದರೆ ಹಿಮ್ಮುಖವಾಗಿ. ಮಹೇಶಕುಮಾರ ಬಂದು ಸೀಟನ್ನು ತಳ ಮುಟ್ಟುವವರೆಗೆ ಇಳಿಸಿದ. ಹ್ಯಾಂಡಲನ್ನು ಹತ್ತಿರ ತರಲು, ಅದನ್ನು ಫ್ರೇಮಿಗೆ ಜೋಡಿಸುವ ಕತ್ತನ್ನು ತೆಗೆದು ಗಿಡ್ಡದ್ದು ಹಾಕಿದ. ಬೆನ್ನು ನೋವೆಂದಾಗ ಹ್ಯಾಂಡಲನ್ನೇ ಬದಲಿಸಿದ. ಕೂರಲಾಗುವುದಿಲ್ಲವೆಂದಾಗ ಸೋಫಾದಂಥ ಸೀಟು ಬಂತು. ಎಲ್ಲ ಮುಗಿದರೂ ನನ್ನ ಕಾಲು ನೆಲಕ್ಕೆ ಎಟುಕಲಿಲ್ಲ.

"ಅಣ್ಣಾ, ಇನ್ನ ಬದಲಾಯಿಸೋಕೆ ನೀವೊಬ್ರೇ ಉಳ್ದಿರೋದು" ಎಂದು ಅವನು ಪಾನಾ ಕೆಳಗಿಟ್ಟ.

ಮಾರುವುದೆಂದು ತೀರ್ಮಾನವಾಯಿತು. ಜಾಲತಾಣದಲ್ಲಿ ಹಾಕಿದ ಫೋಟೋ ನೋಡಿದ ಒಬ್ಬ ಜರ್ಮನ್ ಯಜಮಾನರು ಸಂಜೆ ಬರುತ್ತೇನೆಂದರು. ಬ್ರೇಕ್ ಸರಿಯಿದೆಯೇ ನೋಡೋಣವೆಂದರೆ ಹತ್ತುವ ಧೈರ್ಯ ನನಗಿಲ್ಲ. "ಸ್ವಲ್ಪ ಕೂತು ಒಂದು ಸುತ್ತು ಬಾರೇ" ಎಂದೆ. ವೈದೇಹಿ ಹಿಟ್ಟಿನ ಕೈ ತೊಳೆದು, ಚೂಡಿದಾರದ ಪ್ಯಾಂಟಿಗೆ ಮಗಳ ರಬ್ಬರ್ ಬ್ಯಾಂಡ್ ಸುತ್ತಿ, ಸೀಟನ್ನು ಒಂದಿಷ್ಟು ಮೇಲೆತ್ತಿಸಿಕೊಂಡು ಹತ್ತಿದಳು. ಅವಳ ಕಾಲು ನೆಲಕ್ಕೆ ಸಲೀಸಾಗಿ ಸಿಕ್ಕಿತು. ಕಾಲೆತ್ತಿದಳು. ತಿರುವಿನಲ್ಲಿ ಮರೆಯಾದಳು.

ಸುತ್ತು ಮುಗಿಸಿ ಬರಲೇ ಇಲ್ಲ. ಅವಳ ಮೊಬೈಲ್ ಅಡುಗೆಮನೆಯಲ್ಲೇ ಇತ್ತು. ನಾನು ಗೇಟಿಗೂ ರಸ್ತೆಗೂ ಓಡಾಡಿದೆ. ಪೊಲೀಸರಿಗೆ ಫೋನ್ ಮಾಡಲೇ ಎಂದು ಸಂಹಿತಾಳನ್ನು ಕೇಳಿದೆ. ನನ್ನ ಭುಜದ ಪೆಟ್ಟು ಮತ್ತೆ ಮತ್ತೆ ನೆನಪಾಗುತ್ತಿತ್ತು. ಈ ಸೈಕಲ್ಲನ್ನು ಯಾಕಾದರೂ ತಂದೆನೋ ಎಂದು ನನ್ನನ್ನೇ ಬೈದುಕೊಂಡೆ.

ಹೊತ್ತು ಇಳಿಯುವಾಗ ಬಂದಳು. ಕೂದಲೆಲ್ಲ ಕೆದರಿತ್ತು, ಮುಖ ಕೆಂಪಗಾಗಿತ್ತು.

"ಎಲ್ಲಿ ಹೋಗಿದ್ದೆ? ನನ್ನ ಜೀವ ಹೋಗೋದೊಂದು ಬಾಕಿ!"

"ಗೊತ್ತಿಲ್ಲಾರೀ. ರಸ್ತೆ ಇತ್ತು, ಹೋದೆ. ಸಾಸಿವೆ ಹೊಲ ಬಂತು, ಇನ್ನೂ ಸ್ವಲ್ಪ ಹೋದೆ." ಏದುಸಿರಿನಲ್ಲೇ ನಕ್ಕಳು. "ಈ ದೇಶಕ್ಕೆ ಬಂದ್ಮೇಲೆ, ಅಂಗಡಿಗೂ ಅಲ್ಲ, ಸ್ಕೂಲಿಗೂ ಅಲ್ಲ, ಸುಮ್ನೆ ಅಂತ ಮನೆಯಿಂದ ಹೊರಟಿದ್ದು ಇದೇ ಮೊದ್ಲು ಕಣ್ರೀ."

ಸರಿಯಾಗಿ ಆಗಲೇ ಆ ಜರ್ಮನ್ ಯಜಮಾನರು ಗೇಟಿಗೆ ಬಂದರು. ಮಾರುವುದಿಲ್ಲ ಎಂದೆ. ಯಾಕೆ ಎಂದರು. ಇದು ನನ್ನ ಹೆಂಡತಿಯದು, ನಾನು ಕೇಳದೆ ಮಾರಲು ಹೊರಟಿದ್ದೆ ಎಂದೆ. ಅವರು ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿ ಹೊರಟುಹೋದರು.

ಮಹೇಶಕುಮಾರ ಮತ್ತೆ ಬಂದು ಹಾಕಿದ್ದನ್ನೆಲ್ಲ ಬಿಚ್ಚಿ, ಬಿಚ್ಚಿದ್ದನ್ನೆಲ್ಲ ಹಾಕಿದ. ಈಗ ಭಾನುವಾರದ ಗುಂಪಿನಲ್ಲಿ ವೈದೇಹಿ ಮುಂದಿನ ಸಾಲಿನಲ್ಲಿದ್ದಾಳೆ. ಅವರೆಲ್ಲರ ಜಾಕೆಟ್ಟು, ಬಾಳೆಹಣ್ಣು, ಪಂಪು ತುಂಬಿಕೊಂಡು ಕಾರಿನಲ್ಲಿ ಹಿಂದೆ ಹೋಗುವ ಹುದ್ದೆ ನನ್ನದು.

ಹೋದ ವಾರ ಗುಡ್ಡದ ಮೇಲಿನ ಕೆಫೆಯಲ್ಲಿ ಗುಂಪಿಗೆ ಹೊಸದಾಗಿ ಸೇರಿದ ಒಬ್ಬಾತ ನನ್ನ ಮಡಿಲಲ್ಲಿದ್ದ ಜಾಕೆಟ್ ರಾಶಿ ನೋಡಿ, "ನೀವು ಸೈಕಲ್ ಓಡಿಸುವುದಿಲ್ಲವೇ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ವೈದೇಹಿ ತನ್ನ ತಟ್ಟೆಯ ಪ್ಲಮ್ ಕೇಕನ್ನು ಪ್ರೀತಿಯಿಂದ ನನ್ನ ತಟ್ಟೆಗೆ ತಳ್ಳುತ್ತ, ಸ್ವಚ್ಛ ಜರ್ಮನ್ನಿನಲ್ಲಿ ನನ್ನ ಪರವಾಗಿ ಉತ್ತರ ಕೊಟ್ಟಳು:

"ಕೊಡಿಸ್ತೀನಿ. ಇನ್ನೊಂಚೂರು ಉದ್ದ ಬೆಳೀಲಿ."