ದೀಪ ದೊಡ್ಡದಾಯಿತು

ಧೈರ್ಯವಂತರ ಮನೆಗಳು ಇಷ್ಟು ವರ್ಷ ಹೇಗೆ ನಿಂತಿವೆಯೋ ನನಗೆ ಇಂದಿಗೂ ತಿಳಿದಿಲ್ಲ. ಉರಿಯುವ ಒಲೆಯ ಪಕ್ಕದಲ್ಲೇ ಒಣ ಕುಳ್ಳು ಒಟ್ಟಿರುತ್ತಾರೆ, ಅದರ ಮೇಲಿನ ಹಗ್ಗಕ್ಕೆ ಸೀರೆ ಹರವಿರುತ್ತಾರೆ, ಬಾಗಿಲು ಮುಂದೆ ಮಾಡಿ ಗುಡಿಗೆ ಹೋಗಿ ಪುರಾಣ ಕೇಳಿ ಬರುತ್ತಾರೆ. ಬಂದಾಗ ಮನೆ ಇದ್ದಲ್ಲಿಯೇ ಇರುತ್ತದೆ. ನಾನು ಆ ಪೈಕಿ ಅಲ್ಲ. ಹುಟ್ಟು ಅಂಜುಬುರುಕ. ಕೀಲಿ ಹಾಕಿ ಓಣಿಯ ತುದಿಯವರೆಗೆ ಹೋದ ಮೇಲೆ, ಒಲೆಯಲ್ಲಿ ಕೆಂಡ ಉಳಿದಿತ್ತೇ ಎಂಬ ಸಂಶಯ ಬಂದು ತಿರುಗಿ ಬರುತ್ತೇನೆ. ಮತ್ತೆ ಓಣಿಯ ತುದಿ ಮುಟ್ಟಿದಾಗ, ಕೀಲಿ ಹಾಕಿದೆನೇ ಎಂಬ ಸಂಶಯ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯವರಿಗೆ ಇದೊಂದು ಪುಕ್ಕಟೆ ನಾಟಕ. ಎದುರು ಮನೆಯ ಗುರವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕುಳಿತು, "ಇನ್ನೊಮ್ಮಿ ಬರ್ತಾರ ತಡೀರಿ" ಎಂದು ಪಕ್ಕದವಳಿಗೆ ಹೇಳುವುದು ನನ್ನ ಕಿವಿಗೇ ಬಿದ್ದಿದೆ. ಆಕೆಯ ಮಾತು ಸುಳ್ಳು ಮಾಡಬೇಕೆಂದು ಒಂದು ದಿನ ತಿರುಗಿ ಬರದೆ ಹಾಗೇ ಹೋದೆ. ಆ ದಿನ ಆಫೀಸಿನಲ್ಲಿ ನಾನು ಮಾಡಿದ ಕೂಡಿಸುವ ಲೆಕ್ಕವನ್ನೆಲ್ಲ ಮರುದಿನ ಬೇರೆಯವರು ತಿದ್ದಬೇಕಾಯಿತು.

ಇದಕ್ಕೆ ನನ್ನ ನೌಕರಿಯೂ ಸ್ವಲ್ಪ ಕಾರಣ. ಆಗ ನಾನು ಅರಳೆ ಗಿರಣಿಯೊಂದರಲ್ಲಿ ಕಾರಕೂನ. ಅರಳೆಯೆಂದರೆ ಉರಿಯಲು ನೆಪ ಹುಡುಕುತ್ತ ಕುಳಿತಿರುವ ಪದಾರ್ಥ. ಗಿರಣಿಯ ಅಂಗಳದಲ್ಲಿ ಅದು ಗುಡ್ಡದಂತೆ ಬಿದ್ದಿರುತ್ತಿತ್ತು, ಅದರ ನೆರಳಿನಲ್ಲಿ ನಾವು ಅಂಜುತ್ತ ಅನ್ನ ದುಡಿಯುತ್ತಿದ್ದೆವು. ಅಲ್ಲಿ ಬೀಡಿ ಸೇದಿದವನ ಕೆಲಸ ಹೋಗುತ್ತಿತ್ತು. ತಮಾಷೆಗೆ 'ಬೆಂಕಿ' ಎಂದು ಕೂಗಿದವನದೂ ಹೋಗುತ್ತಿತ್ತು. ಗೋಡೆಯುದ್ದಕ್ಕೂ ಕೆಂಪು ಬಣ್ಣ ಬಳಿದ ಉಸುಕಿನ ಡಬ್ಬಿಗಳು. ಅವನ್ನು ದಿನವೂ ನೋಡಿ ನೋಡಿ ನನಗೆ ಅವುಗಳ ಮೇಲೆ ಒಂದು ಬಗೆಯ ಭಕ್ತಿ ಹುಟ್ಟಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಗಾದೆ ಹೇಳಿ ನಗುತ್ತಾರಲ್ಲ, ಆ ಗಾದೆಗೆ ಸಿಕ್ಕಿಬೀಳದ ಒಬ್ಬ ಮನುಷ್ಯನಾದರೂ ಈ ಊರಿನಲ್ಲಿ ಇರಲಿ ಎಂದು ಪಣ ತೊಟ್ಟು, ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳಿಗೆ ಕೆಂಪು ಬಳಿದು ಉಸುಕು ತುಂಬಿ ಮನೆಯಲ್ಲಿಯೂ ಇಟ್ಟೆ. ಅಡಿಗೆಮನೆಯ ಬಾಗಿಲಲ್ಲಿ ಒಂದು, ಅಟ್ಟದ ಏಣಿಯ ಬುಡಕ್ಕೆ ಒಂದು. ಒಂದು ಹಂಡೆ ನೀರು, ಒಂದು ಹಳೆಯ ಕಂಬಳಿ. ನನ್ನ ಹೆಂಡತಿ ಇಂದಿರೆ ಇದನ್ನೆಲ್ಲ ನೋಡಿ, "ಗಿರಣಿನ ಮನೀಗೆ ತಂದ್ರೇನ್ರಿ" ಎಂದಳು. ಹಾಗೆಂದವಳು ಬೇಗನೆ ಉಸುಕಿನ ಉಪಯೋಗ ಕಂಡುಕೊಂಡಳು. ಶೇಂಗಾ ಹುರಿಯುವುದಕ್ಕೆ ಅಂಥ ಸಣ್ಣ ಉಸುಕು ಪೇಟೆಯಲ್ಲಿ ಹುಡುಕಿದರೂ ಸಿಗುವುದಿಲ್ಲವಂತೆ.

ನಮ್ಮ ಮನೆಯಲ್ಲಿ ನಾನು, ಇಂದಿರೆ ಮತ್ತು ಅಂಬಾ ಅತ್ಯಾ ಮೂವರೇ. ಅತ್ಯಾ ನನ್ನ ತಂದೆಯ ಅಕ್ಕ. ಬಳೆ ಇಡುವ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಮಡಿಯ ಹೆಂಗಸು. ಬೇರೆ ಒಲೆ ಹೂಡಿ ತನ್ನ ಅಡಿಗೆಯನ್ನು ತಾನೇ ಮಾಡಿಕೊಂಡು ಉಣ್ಣುವಳೇ ಹೊರತು ಇನ್ನೊಬ್ಬರ ಕೈಯ ಒಂದು ಅಗುಳನ್ನೂ ಮುಟ್ಟಿದವಳಲ್ಲ. ಮಡಿಯೇ ಎಂದರೆ ಮಡಿ, ಹಟವೇ ಎಂದರೆ ಹಟ. ತಮ್ಮನ ಮನೆಯಲ್ಲಿ ಬದುಕು ಕಳೆದವಳಿಗೆ ತನ್ನದೆಂದು ಇದ್ದದ್ದು ಆ ಒಂದು ಒಲೆ. ಉಳಿದ ಹೊತ್ತಿನಲ್ಲಿ ಅರಳೆ ಬಿಡಿಸಿ ದೇವರ ದೀಪಕ್ಕೆ ಬತ್ತಿ ಹೊಸೆಯುವಳು. ನಮ್ಮ ಓಣಿಯ ದೇವರುಗಳೆಲ್ಲ ಅವಳ ಬತ್ತಿಯ ಬೆಳಕಿನಲ್ಲೇ ಕೂತಿದ್ದವು.

ಮನೆಯ ರಕ್ಷಣೆಯ ವಿಷಯದಲ್ಲಿ ಅತ್ಯಾ ನನಗಿಂತ ಒಂದು ಕೈ ಮೇಲು. ನನ್ನದು ಉಸುಕು, ನೀರು, ಕಂಬಳಿ; ಅವಳದು ನಾಲಿಗೆ. ಕೆಟ್ಟದ್ದನ್ನು ಬಾಯಿಂದ ಅನ್ನದಿದ್ದರೆ ಅದು ಬಾಗಿಲ ಹೊರಗೇ ನಿಲ್ಲುತ್ತದೆ ಎಂದು ಅವಳ ನಂಬಿಕೆ. ನಮ್ಮ ಮನೆಯಲ್ಲಿ ಬಳೆ ಒಡೆಯುತ್ತಿರಲಿಲ್ಲ, 'ಹೆಚ್ಚಾಗುತ್ತಿತ್ತು'. ಅಕ್ಕಿ ತೀರುತ್ತಿರಲಿಲ್ಲ, 'ತುಂಬುತ್ತಿತ್ತು'. ಸಂಜೆಯ ಮೇಲೆ ಹಾವು ಕೂಡ ಹಾವಾಗಿರದೆ ಬರಿಯ 'ಹುಳ'ವಾಗುತ್ತಿತ್ತು. ದೀಪವಂತೂ ಎಂದೂ ಆರಿದ್ದೇ ಇಲ್ಲ, ಅದು 'ದೊಡ್ಡದಾಗುತ್ತಿತ್ತು'. ಇದೇನೂ ಅವಳು ಕಟ್ಟಿದ ಭಾಷೆಯಲ್ಲ, ಊರಮಂದಿಯೆಲ್ಲ ಹಾಗೇ ಅನ್ನುತ್ತಾರೆ. ಆದರೆ ಬೇರೆಯವರ ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಬಾಯಿ ತಪ್ಪುವುದುಂಟು. ನಮ್ಮಲ್ಲಿ ತಪ್ಪುವಂತಿರಲಿಲ್ಲ. ಬೆಂಕಿಯ ವಿಷಯದಲ್ಲಿ ಮಾತ್ರ ಅತ್ಯಾ ಸ್ವಲ್ಪ ಸಡಿಲ ಬಿಟ್ಟಿದ್ದಳು. ಒಲೆಯಲ್ಲಿ ಬೆಂಕಿ ಇರಬಹುದು, ಬಚ್ಚಲಲ್ಲಿ ಬೆಂಕಿ ಹಚ್ಚಬಹುದು. ಅದು 'ಬೀಳುವಂತಿಲ್ಲ', ಅಷ್ಟೇ.

ಹೀಗಾಗಿ ನಾನು ಗಿರಣಿಯಲ್ಲಿ ನೋಡಿ ಕಲಿತ ಬೆಂಕಿ ಆರಿಸುವ ಕವಾಯತನ್ನು ಮನೆಯಲ್ಲಿ ನಡೆಸಲು ಹೋದ ದಿನ ಪೇಚಿಗೆ ಸಿಕ್ಕಿಕೊಂಡೆ. ಒಂದು ಸಂಜೆ ಇಬ್ಬರನ್ನೂ ಪಡಸಾಲೆಯಲ್ಲಿ ನಿಲ್ಲಿಸಿ, ನಾನು 'ಬೆಂಕಿ ಬಿತ್ತು' ಎಂದ ಕೂಡಲೇ ಯಾರು ಯಾವುದನ್ನು ಎತ್ತಿಕೊಳ್ಳಬೇಕು ಎಂದು ವಿವರಿಸತೊಡಗಿದೆ. ಅತ್ಯಾ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನೋ ಶೀನೂ, ದೀಪಾ ಹಚ್ಚೋ ಹೊತ್ತಿನ್ಯಾಗ ಎಂಥಾ ಮಾತು ಆಡ್ತೀಯೋ? ಮ್ಯಾಲೆ ಅಸ್ತು ದೇವತಿಗೋಳು ಅಡ್ಡಾಡ್ತಿರ್ತಾವ. ಅಸ್ತು ಅಂದ್ರ ಮುಗೀತು."

"ಅತ್ಯಾ, ಇದು ಸುಳ್ಳ ಸುಳ್ಳ. ಕಲೀಲಿಕ್ಕೆ."

"ಸುಳ್ಳ ಅಂತ ಅವಕ್ಕ ಹೆಂಗ ತಿಳೀಬೇಕು?"

ಕೊನೆಗೆ, 'ಅದು ಬಂತು' ಎಂದು ಕೂಗುವುದೆಂದು ರಾಜಿಯಾಯಿತು. ಇಬ್ಬರೂ ಒಳಗೆ ಹೋದ ಮೇಲೆ ನಾನು ಜೋರಾಗಿ "ಅದು ಬಂತು" ಎಂದೆ. ಇಂದಿರೆ ಕೋಲು ಹಿಡಿದುಕೊಂಡು ಬಂದಳು. ಬೆಕ್ಕು ಬಂತೆಂದು ತಿಳಿದಳಂತೆ. ಅಲ್ಲಿಗೆ ಕವಾಯತು ಮುಗಿಯಿತು.

ಅಷ್ಟರಲ್ಲಿ ಯುದ್ಧ ಬಂತು. ಯುದ್ಧ ಎಲ್ಲಿಯೋ ನಡೆದಿತ್ತು, ಚಿಮಣಿ ಎಣ್ಣೆ ನಮ್ಮ ಊರಿನಲ್ಲಿ ಮಾಯವಾಯಿತು. ಕಂದೀಲುಗಳೆಲ್ಲ ಗೂಟಕ್ಕೆ ಜೋತುಬಿದ್ದು, ಕುಸುಬಿ ಎಣ್ಣೆಯ ಪಣತಿಗಳು ತಿರುಗಿ ಬಂದವು. ಆ ಎಣ್ಣೆಯೂ ತುಟ್ಟಿ. ಕತ್ತಲಾಯಿತೆಂದರೆ ಅತ್ಯಾ ಕೋಣೆಯಿಂದ ಕೋಣೆಗೆ ಹೋಗಿ, "ಇಲ್ಲಿ ಯಾರೂ ಇಲ್ಲ, ದೀಪ ದೊಡ್ಡದು ಮಾಡ್ರಿ", "ಉಂಡಾತಲ್ಲ, ದೀಪ ದೊಡ್ಡದು ಮಾಡ್ರಿ" ಎಂದು ಹೇಳುತ್ತಲೇ ಇರುವಳು. ಗಾಳಿಗೆ ತಾನಾಗಿ ಆರಿದರೆ, "ದೊಡ್ಡದಾತು" ಎಂದು ಸುದ್ದಿ ಮುಟ್ಟಿಸುವಳು. ದಿನವೂ ಕೇಳಿ ಕೇಳಿ ಆ ಮಾತು ನಮ್ಮ ಕಿವಿಗೆ ಗುಡಿಯ ಗಂಟೆಯಂತಾಗಿಬಿಟ್ಟಿತ್ತು. ಕೇಳಿಸುತ್ತಿತ್ತು, ಆದರೆ ಯಾರೂ ಕೇಳುತ್ತಿರಲಿಲ್ಲ.

ಅಟ್ಟದ ಮೇಲೆ ದೀಪ ಒಯ್ಯಬಾರದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಅಲ್ಲಿ ಅತ್ಯಾನ ಅರಳೆಯ ಗಂಟುಗಳಿದ್ದವು. "ಕತ್ತಲಾಗ ಅರಳಿ ಯಾವುದು, ಇಲಿ ಯಾವುದು ತಿಳೀಬೇಕಲ್ಲೋ" ಎನ್ನುವುದು ಅವಳ ಉತ್ತರ. ಒಂದು ಸಂಜೆ ನಾನು ಗಿರಣಿಯಿಂದ ಬಂದು ಪಡಸಾಲೆಯಲ್ಲಿ ಪತ್ರಿಕೆ ಹರವಿಕೊಂಡು, ಯಾವ ಊರಿನ ಮೇಲೆ ಎಷ್ಟು ಬಾಂಬು ಬಿತ್ತೆಂದು ಓದಿ ಮರುಗುತ್ತಿದ್ದೆ. ಇಂದಿರೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮರುದಿನದ ಬತ್ತಿಗೆ ಅರಳೆ ಬೇಕೆಂದು ಅತ್ಯಾ ಪಣತಿ ಹಿಡಿದು ಏಣಿ ಹತ್ತಿದ್ದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮೇಲಿನಿಂದ ಅವಳ ದನಿ ಕೇಳಿತು.

"ಶೀನೂ, ದೀಪ ದೊಡ್ಡದಾತೋ."

"ಆಗಲಿ ಬಿಡತ್ಯಾ, ಎಣ್ಣಿ ಉಳೀತು" ಎಂದು ನಾನು ಪತ್ರಿಕೆ ಮಗುಚಿದೆ.

"ಶೀನೂ, ಭಾಳ ದೊಡ್ಡದಾತು."

ಈ ಸಲ ಇಂದಿರೆ ಒಳಗಿನಿಂದಲೇ ಸಮಾಧಾನ ಹೇಳಿದಳು. "ಗಾಳಿ ಅದರೀ ಅತ್ಯಾರ. ಕೆಳಗ ಬರ್ರಿ, ಮತ್ತ ಹಚ್ಚಿ ಕೊಡ್ತೇನಿ."

ಆಮೇಲೆ ಅತ್ಯಾ ಏನೂ ಅನ್ನಲಿಲ್ಲ. ಅಂದದ್ದು ಗುರವ್ವ. ಆಕೆ ತನ್ನ ಮಾಳಿಗೆಯ ಮೇಲೆ ಒಣ ಹಾಕಿದ್ದ ಶಾವಿಗೆ ತೆಗೆಯಲು ಹೋಗಿದ್ದಳು. ನಮ್ಮ ಬೆಳಕಿಂಡಿಯಿಂದ ಹೊಗೆ ಏಳುವುದನ್ನು ಕಂಡು ಓಣಿಗೆಲ್ಲ ಕೇಳುವಂತೆ ಕೂಗಿದಳು. "ಇಂದ್ರಾಬಾಯಾರ, ನಿಮ್ಮ ಅಟ್ಟಕ್ಕ ಬೆಂಕಿ ಬಿದ್ದೈತ್ರಿ, ಹೊರಗ ಬರ್ರಿ."

ನಾನು ಏಣಿಯ ಬುಡಕ್ಕೆ ಓಡಿದೆ. ಡಬ್ಬಿಯಲ್ಲಿ ಉಸುಕಿನ ಬದಲು ಶೇಂಗಾದ ಸಿಪ್ಪೆ ಇತ್ತು. ಇನ್ನೊಂದು ಡಬ್ಬಿ ಬೆಕ್ಕಿನ ಶೌಚಕ್ಕೆ ಸಂದಿತ್ತು. ಹಂಡೆಯ ನೀರಿನಲ್ಲಿ ಕಂಬಳಿ ಅದ್ದಿ ಮೇಲೆ ಹತ್ತಿದಾಗ ಹೊಗೆಯಲ್ಲಿ ಅತ್ಯಾ ಕಾಣಿಸಿದಳು. ಮಂಡಿಯೂರಿ ಕುಳಿತು, ಉರಿಯುವ ಗಂಟನ್ನು ಬಲಗೈಯಿಂದ ನೆಲಕ್ಕೆ ಒತ್ತಿ ಹಿಡಿದಿದ್ದಳು, ಅದು ಉಳಿದ ಗಂಟುಗಳತ್ತ ಹೋಗದಂತೆ. ಕೈ ಬಿಡು ಎಂದು ನಾನು ಕೂಗಿದರೂ ಬಿಡಲಿಲ್ಲ. ನಾನು ಅವಳನ್ನು ಕಂಬಳಿಯಲ್ಲಿ ಸುತ್ತಿ ಎಳೆದುಕೊಂಡು ಇಳಿದೆ. ಅಷ್ಟರಲ್ಲಿ ಗುರವ್ವನ ಗಂಡ ಮತ್ತು ಓಣಿಯ ನಾಲ್ಕು ಜನ ನಮ್ಮ ಮಾಳಿಗೆ ಏರಿ, ಬೆಳಕಿಂಡಿಯ ಸುತ್ತಲಿನ ಮಣ್ಣು ಅಗೆದು ಒಳಗೆ ತಳ್ಳಿದರು. ಮಳೆಗಾಲಕ್ಕೊಮ್ಮೆ ಸೋರುತ್ತದೆಂದು ನಾನು ಶಪಿಸುತ್ತಿದ್ದ ಆ ಮಣ್ಣಿನ ಮೇಲ್ಮುದ್ದೆಯೇ ಬೆಂಕಿಯನ್ನು ಹೂತುಹಾಕಿತು. ಮನೆ ಉಳಿಯಿತು. ಒಂದು ತೊಲೆ ಕಪ್ಪಾಯಿತು, ಅಟ್ಟ ಹೋಯಿತು. ಮನೆಯ ರಕ್ಷಣೆಗೆಂದು ನಾನು ಮಾಡಿಟ್ಟ ಏರ್ಪಾಡುಗಳಲ್ಲಿ ಕೆಲಸಕ್ಕೆ ಬಂದದ್ದು ಕಂಬಳಿಯೊಂದೇ, ಅದೂ ತಡವಾಗಿ.

"ಬೆಂಕಿ ಅಂತ ಒದರಬಾರದೇನ ಅತ್ಯಾ?" ಎಂದು ಕೇಳುವಾಗ ನನಗೆ ಅಳು ಬಂದಿತ್ತು.

"ನಾಲಿಗಿ ತಿರುಗಲಿಲ್ಲೋ. ಸಣ್ಣಾಕಿ ಇದ್ದಾಗಿಂದ ಅನ್ನಲಾರದ ಮಾತು, ಒಮ್ಮೆಲೆ ಬಾಯಿಗೆ ಹೆಂಗ ಬರ್ತದ?" ಎಂದಳು. ಸುಟ್ಟ ಕೈಯನ್ನು ನೋಡಿಕೊಂಡು, "ದೊಡ್ಡದಾಗಿದ್ದಂತೂ ಖರೇನ ಇತ್ತಲ್ಲ" ಎಂದಳು.

ಸುಟ್ಟ ಕೈಗೆ ಓಣಿಯವರು ಹೇಳಿದ ಔಷಧಗಳನ್ನೆಲ್ಲ ಹಚ್ಚಿದ್ದರೆ ಅತ್ಯಾ ಆ ವಾರವೇ ಹೋಗುತ್ತಿದ್ದಳು. ಡಾಕ್ಟರು ಬಂದು ಪಟ್ಟಿ ಕಟ್ಟಿದರು. ನಾನು ಮನೆಯಲ್ಲಿ ಹೊಸ ಕಾನೂನು ಸಾರಿದೆ. ಇನ್ನು ಮುಂದೆ ಇದ್ದದ್ದನ್ನು ಇದ್ದ ಹಾಗೆ ಅನ್ನಬೇಕು; ಆರಿದರೆ ಆರಿತು, ಒಡೆದರೆ ಒಡೆಯಿತು, ಉರಿದರೆ ಉರಿಯಿತು. ಇಂದಿರೆ ಬಹಳ ನಿಷ್ಠೆಯಿಂದ ಇದನ್ನು ಪಾಲಿಸಿದಳು. ಮರುದಿನ ನಾನು ಗಿರಣಿಗೆ ಹೊರಟಾಗ, "ಅಕ್ಕಿ ತೀರ್ಯಾವ, ಎಣ್ಣಿ ಇಲ್ಲ, ನಿಮ್ಮ ಕೋಟು ಬೆನ್ನಿನ್ಯಾಗ ಹರದದ, ತಲಿ ನಡುವ ಬೋಳಾಗ್ಲಿಕ್ಕತ್ತದ" ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಸತ್ಯಕ್ಕೆ ಇಷ್ಟು ಹಸಿವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆದರೆ ಅತ್ಯಾ ಉಣ್ಣಲೊಲ್ಲಳು. ಕೈ ಮಾಯ್ದ ಮೇಲೆ ತನ್ನ ಒಲೆಯನ್ನು ತಾನೇ ಹಚ್ಚುತ್ತೇನೆ, ಅಲ್ಲಿಯವರೆಗೆ ಹಾಲು, ಬಾಳೆಹಣ್ಣು ಸಾಕು ಎಂದಳು. ಇಂದಿರೆ ಮಡಿಯಲ್ಲಿ ಅನ್ನ ಮಾಡಿ ಕಾಲಿಗೆ ಬಿದ್ದರೂ, "ಇನ್ನೇನು, ಆರಾಮ ಆಗ್ತದ" ಎನ್ನುವಳು. ದಿನಗಳು ಹೋದವು. ಕೆನ್ನೆ ಒಳಗೆ ಸೇರಿದವು, ಎದ್ದರೆ ಕಂಬ ಹಿಡಿಯುವಳು. ಹಾಲಿನ ಮೇಲೆ ಆ ವಯಸ್ಸಿನ ಜೀವ ಎಷ್ಟು ದಿನ ನಿಂತೀತು? ಅವಳು ಕಾಯುತ್ತಿದ್ದದ್ದು ಆ ಕೈಯನ್ನು.

ಒಂದು ದಿನ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ನನ್ನನ್ನು ಕಟ್ಟೆಗೆ ಕರೆದರು. "ಗಾಯ ಆರ್ಯದ. ಆದ್ರ ನರ ಎಳಕೊಂಡಾವ, ಬೆರಳು ಇನ್ನ ಬಿಚ್ಚೂದಿಲ್ಲ. ಆ ಕೈಲೆ ಏನೂ ಆಗೂದಿಲ್ಲರಿ. ನಾನೂ ಮತ್ತ ಬರೂದು ಬೇಕಾಗಿಲ್ಲ" ಎಂದು ಚೀಲ ಎತ್ತಿಕೊಂಡು ಹೋದರು.

ನಾನು ಒಳಗೆ ಬಂದೆ. ಅತ್ಯಾ ಗೋಡೆಗೆ ಆತು ಕುಳಿತಿದ್ದಳು, ಕೈಯನ್ನು ಸೆರಗಿನ ಕೆಳಗೆ ಇಟ್ಟುಕೊಂಡು.

"ಡಾಕ್ಟರು ಏನಂದ್ರೋ?"

ನಾನು ಗೂಟದ ಕಂದೀಲು ತೆಗೆದು ಒರೆಸತೊಡಗಿದೆ.

"ನಿನ್ನ ಕಾನೂನದ ಪ್ರಕಾರ ಹೇಳು ಶೀನೂ. ಹೋಗ್ಯದ ಅಂದ್ರ ಎಡಗೈಲೆ ಒಲಿ ಹಚ್ಚೂದು ಕಲೀತೇನಿ, ಆಗಲಿಲ್ಲಂದ್ರ ಇಂದಿರಾನ ಕೈಲೆ ಉಣ್ತೇನಿ. ಆರಾಮ ಆಗ್ತದ ಅಂದ್ರ ಹಿಂಗ ಬಾಳಿಹಣ್ಣು ತಿನಕೋತ ಹಾದಿ ಕಾಯ್ತೇನಿ. ಎರಡರಾಗ ಒಂದು ಹೇಳು."

ಅವಳ ಜೀವ ನಿಂತಿದ್ದು ನನ್ನ ಒಂದು ಮಾತಿನ ಮೇಲೆ. ನಾನು ಹುಟ್ಟು ಅಂಜುಬುರುಕ ಎಂದು ಮೊದಲೇ ಹೇಳಿದ್ದೇನೆ.

"ಮತ್ತ ಬರ್ತೇನಿ ಅಂದ್ರತ್ಯಾ" ಎಂದೆ. "ಮೊದಲಿಗಿಂತ ಭಾಳ ಛಲೋ ಅದ ಅಂದ್ರು."

ಅತ್ಯಾ ನನ್ನ ಮುಖ ನೋಡಿ, ಸೆರಗಿನ ಕೆಳಗಿನ ಕೈಯನ್ನು ಹೊರಗೆ ತೆಗೆದಳು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, "ಇಂದಿರಾ, ನನಗೊಂದು ಎಲಿ ಹಾಕವಾ" ಎಂದಳು. "ಕೈ ಹೋಗ್ಯದಂತ. ಶೀನೂ ಈಗ ಹೇಳಿದ."