ಮೆಟ್ಟಿಲು ಹತ್ತಿ ಬಂದ ಹೊಗೆಯವರ ಸನ್ನಿಧಿಗೆ

ಮಾನ್ಯ ಹೊಗೆಯವರೇ,

ತಮ್ಮ ಪಾದಗಳಿಗೆ, ಅವು ಇದ್ದ ಪಕ್ಷದಲ್ಲಿ, ನಮ್ಮ ವಸತಿ ಕಟ್ಟಡದ ಏಳೂ ಮಹಡಿಗಳ ಪರವಾಗಿ ನಮಸ್ಕಾರಗಳು. ಕಳೆದ ಭಾನುವಾರ ಮಧ್ಯಾಹ್ನ, ಎಲ್ಲರೂ ಊಟ ಮುಗಿಸಿ ಒರಗುವ ಹೊತ್ತಿಗೆ, ತಾವು ಹೇಳದೆ ಕೇಳದೆ ದಯಮಾಡಿಸಿದ್ದರ ಬಗ್ಗೆ ಈ ಚಿಕ್ಕ ದೂರನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನೆಲಮಾಳಿಗೆಯ ಮೀಟರ್ ಕೋಣೆಯಲ್ಲಿ ನಮ್ಮ ನಿವಾಸಿಗಳ ಸಂಘದವರು ಜೋಪಾನವಾಗಿ ಒಟ್ಟಿದ್ದ ಹಳೆಯ ಹಾಸಿಗೆಗಳಿಗೆ ಕಿಡಿ ತಗುಲಿದ್ದು ನಿಜ. ಆದರೆ ಬೆಂಕಿ ಮೊರದಗಲವೂ ಇರಲಿಲ್ಲ. ಕಾವಲುಗಾರ ಎರಡು ಬಕೆಟ್ ಮರಳು ಸುರಿದು ಅದರ ಕಥೆ ಮುಗಿಸಿದ. ಬೆಂಕಿಯೇ ಇಷ್ಟು ಮರ್ಯಾದೆಯಿಂದ ನಡೆದುಕೊಂಡಿರುವಾಗ, ಅದರ ಬಾಲ ಹಿಡಿದು ಬಂದ ತಾವು ಏಳನೇ ಮಹಡಿಯವರೆಗೆ ಸವಾರಿ ಹೊರಟದ್ದು ಯಾವ ನ್ಯಾಯ? ಬೆಂಕಿಯಿಲ್ಲದೆ ಹೊಗೆಯಾಡದು ಎಂದ ಹಿರಿಯರು, ಬೆಂಕಿ ಆರಿದ ಮೇಲೂ ಹೊಗೆ ಮನೆಮನೆ ತಿರುಗುತ್ತದೆಂದು ಹೇಳುವುದನ್ನು ಮರೆತಿದ್ದಾರೆ.

ಹಾಗೆಂದು ತಮ್ಮ ಸ್ವಾಗತದಲ್ಲಿ ನಾವೇನೂ ಕಡಿಮೆ ಮಾಡಿಲ್ಲ. ಪ್ರತಿ ಮಹಡಿಯಲ್ಲೂ ಮೆಟ್ಟಿಲಿಗೊಂದು ಭಾರಿ ಬಾಗಿಲಿದೆ. ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡು ತಮ್ಮಂಥವರನ್ನು ಹೊರಗೇ ನಿಲ್ಲಿಸುವ ಒರಟು ಸ್ವಭಾವದ್ದು. ತರಕಾರಿ ಚೀಲ ಹಿಡಿದು ಬರುವವರ ಬೆನ್ನಿಗೆ ಅದು ಬಡಿಯುತ್ತದೆಂದು ಸಂಘದ ಅಧ್ಯಕ್ಷರು 'ಹಸಿರು ಮೆಟ್ಟಿಲು' ಸ್ಪರ್ಧೆ ಏರ್ಪಡಿಸಿ, ನೆಲಮಾಳಿಗೆಯಿಂದ ಹಿಡಿದು ಮೇಲಿನವರೆಗೆ ಒಂದೊಂದು ಬಾಗಿಲಿಗೂ ಒಂದೊಂದು ಹೂಕುಂಡ ಒತ್ತಿಟ್ಟು, ಅವು ಸದಾ ತೆರೆದೇ ಇರುವಂತೆ ನೋಡಿಕೊಂಡರು. ನಮ್ಮ ಮಹಡಿಯ ಕುಂಡಕ್ಕೆ ಮೊದಲ ಬಹುಮಾನ ಬಂತು. ಇನ್ನು, ಬೆಂಕಿಯ ಹೊತ್ತಿನಲ್ಲಿ ಮೆಟ್ಟಿಲೊಳಗೆ ಶುದ್ಧ ಗಾಳಿ ತುಂಬಿ ತಮ್ಮನ್ನು ಹಿಂದಕ್ಕೆ ತಳ್ಳಬೇಕಾದ ದೊಡ್ಡ ಫ್ಯಾನೊಂದು ತಾರಸಿಯ ಮೇಲಿದೆ. ಪರೀಕ್ಷೆಗೆಂದು ಓಡಿಸಿದಾಗಲೆಲ್ಲ ಅದರ ಗುಂಯ್ ಎನ್ನುವ ಸದ್ದು ಹಾರ್ಮೋನಿಯಂ ಶ್ರುತಿಗೆ ಹೊಂದುವುದಿಲ್ಲವೆಂದು ಪಕ್ಕದ ಮನೆಯ ಸಂಗೀತದ ಟೀಚರ್ ನೊಂದುಕೊಂಡಿದ್ದರಿಂದ, ಅದರ ವೈರನ್ನೂ ಬಿಚ್ಚಿಸಲಾಯಿತು. ಇಷ್ಟೆಲ್ಲ ಸೌಕರ್ಯ ಮಾಡಿಕೊಟ್ಟ ಮೇಲೂ ತಾವು ಕೆಳಗೇ ಕೂತಿರಬೇಕಿತ್ತು ಎಂದರೆ ಅದು ನನ್ನದೇ ಅವಿವೇಕ.

ಆದರೆ ನನ್ನ ಸೋದರತ್ತೆಯ ವಿಷಯದಲ್ಲಿ ತಾವು ನಡೆದುಕೊಂಡ ರೀತಿ ನುಂಗಲಾರದ ತುತ್ತಾಗಿದೆ. ತಾಯಿಯಿಲ್ಲದ ನನ್ನನ್ನು ಸಾಕಿ ಬೆಳೆಸಿದ ಜೀವ, ಉಬ್ಬಸದ ರೋಗಿ. 'ಬೆಂಕಿ ಬಿದ್ದಾಗ ಲಿಫ್ಟ್ ಬೇಡ, ಮೆಟ್ಟಿಲು ಬಳಸಿ' ಎಂಬ ಫಲಕವನ್ನು ಇಡೀ ಕಟ್ಟಡದಲ್ಲಿ ಓದಿ ಪಾಲಿಸುವವರೆಂದರೆ ಅವರೊಬ್ಬರೇ. ನಾನು ಅವರ ಔಷಧಿ ತರಲು ಹೊರಗೆ ಹೋಗಿದ್ದೆ. ಕೂಗು ಕೇಳಿದ್ದೇ ತಡ, ಫಲಕದ ಮಾತಿನಂತೆ ಅವರು ಮೆಟ್ಟಿಲಿಳಿಯಲು ಹೊರಟರು. ಐದನೇ ಮಹಡಿಯ ತಿರುವಿನಲ್ಲಿ ತಾವು ಎದುರಾದಿರಿ. ಹಿರಿಯರು ಎದುರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕೆಂದು ತಮಗೆ ಮನೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲವೇ? ಆಸ್ಪತ್ರೆಯಲ್ಲಿ ಅವರು ಒಂದೊಂದು ಉಸಿರಿಗೂ ಒದ್ದಾಡುವುದನ್ನು ನೋಡುತ್ತ ನಿಂತೆ. ಸಿಟ್ಟು ಆಮೇಲೆ ಬಂತು, ಇನ್ನೂ ಇಳಿದಿಲ್ಲ. ಹಣ್ಣಿನ ಚೀಲ ಹಿಡಿದು ನೋಡಲು ಬಂದ ಅಧ್ಯಕ್ಷರು ಮಾತ್ರ, "ಮೂಗಿಗೊಂದು ಬಟ್ಟೆನಾದ್ರೂ ಅಡ್ಡ ಹಿಡ್ಕೋಬಾರ್ದಿತ್ತಾ, ಅಮ್ಮಾ?" ಎಂದು ಅತ್ತೆಗೇ ಬುದ್ಧಿ ಹೇಳಿಹೋದರು.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ತಾವು ಯಾರ ಮನೆಗೆ ಹೊರಟಿದ್ದೀರೆಂದು ಗೇಟಿನಲ್ಲಿ ಕಾವಲುಗಾರನಿಗೆ ತಿಳಿಸಿ ಒಳಬರಬೇಕು. ಕಾದೊಡನೆ ಮೇಲೇರುವ ಹಳೆಯ ಚಟ ಬಿಟ್ಟು, ನೆಲ ನೋಡಿಕೊಂಡು ನಡೆಯುವುದನ್ನು ಕಲಿಯಬೇಕು. ಅದೂ ಆಗದಿದ್ದರೆ ಮೆಟ್ಟಿಲನ್ನು ಫಲಕ ಓದುವವರಿಗೆ ಬಿಟ್ಟು ತಾವು ಲಿಫ್ಟಿನಲ್ಲಿ ಬರಬೇಕು. ಇವೆಲ್ಲ ಆಗದ ಹೋಗದ ಮಾತು ಎನ್ನುತ್ತೀರೇನೋ. ಒಂದು ಕುಂಡವನ್ನು ಒಂದು ಮೊಳ ಪಕ್ಕಕ್ಕೆ ಸರಿಸುವುದು ಇದಕ್ಕಿಂತ ಕಷ್ಟವೆಂದು ನಮ್ಮ ಸಂಘದ ಸಭೆ ಮೊನ್ನೆ ಒಮ್ಮತದಿಂದ ತೀರ್ಮಾನಿಸಿದೆ.

ಇನ್ನೂ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ಏಳನೇ ಮಹಡಿಯ ನಿವಾಸಿ

ತಾ.ಕ.: ಅತ್ತೆ ನಿನ್ನೆ ಮನೆಗೆ ಬಂದರು. ಬಂದವರೇ, ಬೇಡವೆಂದರೂ ಕೇಳದೆ, ಏದುಸಿರು ಬಿಡುತ್ತ ಬಹುಮಾನದ ಕುಂಡವನ್ನು ಎಳೆದು ನಮ್ಮ ಬಾಲ್ಕನಿಗೆ ಸೇರಿಸಿದರು. ಸಂಘದ ಆಸ್ತಿ ಕಳವು ಮಾಡಿದ್ದಾರೆಂದು ಅವರಿಗೆ ಇಂದು ಬೆಳಿಗ್ಗೆ ನೋಟಿಸ್ ಬಂದಿದೆ. ನಮ್ಮ ಮಹಡಿಯ ಬಾಗಿಲು ಈಗ ಮುಚ್ಚಿಕೊಂಡಿದೆ. ಮತ್ತೆ ಬರುವುದಾದರೆ ತಾವು ದಯವಿಟ್ಟು ಬಾಗಿಲು ತಟ್ಟಿರಿ. ಅತ್ತೆ ತೆಗೆಯುವುದಿಲ್ಲ.