ಕಾಲುವೆಯಾಚೆಯ ಹೋಳಿಗೆ

ಇಲಿ ಬಿದ್ದು ಊರಿಗೆ ಊರೇ ಖಾಲಿಯಾದರೂ ನಗೆಪಾಟಲಿನ ಪ್ರಸಂಗಗಳು ಮಾತ್ರ ಹೊಸಪೇಟೆ ಬಿಟ್ಟು ಹೋಗುತ್ತಿರಲಿಲ್ಲ. ನಾನಾಗ ಆಸ್ಪತ್ರೆಯ ಕಂಪೌಂಡರ್. ಆ ವರ್ಷ ಪ್ಲೇಗಿಗೆ ಹೆದರಿದ ಜನ ಮನೆಗಳಿಗೆ ಬೀಗ ಜಡಿದು, ಹಂಪಿ ದಾರಿಯ ಕಾಲುವೆ ದಾಟಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಊರಲ್ಲಿ ಉಳಿದವರು ಡಾಕ್ಟರು, ನಾನು, ಬೀದಿ ಗುಡಿಸುವ ಅಕ್ಕ, ಮೂರೇ ಜನ.

ಹತ್ತು ದಿನದ ಕಾನೂನು

ಅಂಥ ಹೊತ್ತಿನಲ್ಲಿ ಒಬ್ಬ ಸಿಪಾಯಿ ರೈಲಿಳಿದ. ಮೂರು ವರ್ಷ ಬಸ್ರಾದ ಕಡೆ ಯುದ್ಧ ಮಾಡಿ, ತಾಯಿಯ ಮುಖ ನೋಡಲು ಬಂದವನು. ಮನೆಗೆ ಬೀಗ ಕಂಡು ಕಾಲುವೆಗೆ ಓಡಿದರೆ, ಆಚೆ ದಡದಲ್ಲಿ ಹಿರಿಯರೊಬ್ಬರು ಕೋಲು ಅಡ್ಡ ಹಿಡಿದರು.

"ಊರಾಗ ಕಾಲಿಟ್ಟವ್ರು ಹತ್ತು ದಿನ ಇತ್ತಾಗ ಬರಂಗಿಲ್ಲಪಾ."

"ನನ್ನ ರಜಾನೇ ಹತ್ತು ದಿನ ಐತ್ರಿ!"

"ಹಂಗಾರ ಹನ್ನೊಂದನೇ ದಿನ ಬಾ," ಎಂದು ಹಿರಿಯರು ಭಾಳ ಪ್ರೀತಿಯಿಂದ ಹೇಳಿದರು.

ಸಲ್ಯೂಟು

ಸುಮ್ಮನೆ ಕೂರುವ ಆಳಲ್ಲ ಅವನು. ಬೀಗ ಹಾಕಿದ ಮನೆಗಳ ಕಾವಲಿಗೆ ನಿಂತ. ದಿನಾ ಬೆಳಿಗ್ಗೆ ಚಿತ್ತವಾಡ್ಗಿ ಓಣಿಯಲ್ಲಿ ಗುಡಿಸುವ ಅಕ್ಕ ಎದುರಾದರೆ ಬೂಟು ಬಡಿದು ಸಲ್ಯೂಟು. ಇಷ್ಟು ವರ್ಷ ಅವಳನ್ನು ಕಂಡು ಮಗ್ಗುಲಿಗೆ ಸರಿದವರೇ ಎಲ್ಲ, ನೆಟ್ಟಗೆ ನಿಂತವನು ಇವನೊಬ್ಬನೇ. ಮೊದಲ ದಿನ ಅಕ್ಕ ಹೆದರಿ ಓಡಿದಳು. ನಾಲ್ಕನೇ ದಿನ ಪೊರಕೆಯನ್ನು ಹೆಗಲಿಗೇರಿಸಿ ತಾನೂ ಸಲ್ಯೂಟು ಹೊಡೆದಳು!

ಡಾಕ್ಟರಿಗೆ ಮುಖ ಸಣ್ಣದಾಯಿತು. "ನನಗ ಯಾಕಿಲ್ಲಪ್ಪ?"

"ಅಕ್ಕ ಐದಕ್ಕ ಡ್ಯೂಟಿಗೆ ಬರ್ತಾಳ್ರಿ ಸಾಹೇಬ್ರ. ನೀವು ಹತ್ತಕ್ಕ ಬರ್ತೀರಿ."

ಮರುದಿನ ಐದೂವರೆಗೇ ಆಸ್ಪತ್ರೆ ಬಾಗಿಲು ತೆರೆಯಿತು. ನಿದ್ದೆ ಕೆಟ್ಟಿದ್ದು ನನ್ನದು.

ಊಟ ಆತೇನ?

ತಾಯಿ ಮಗ ದಿನಾ ಕಾಲುವೆಯ ಆಚೀಚೆ ನಿಂತು ಕೂಗಿ ಮಾತಾಡುತ್ತಿದ್ದರು. ಇಡೀ ಗುಡಿಸಲು ಸಾಲಿಗೇ ಕೇಳಬೇಕು, ಹಂಗ.

"ಸಣ್ಣಾವಿದ್ದಾಗ ಹಾಸಿಗಿ ತೋಯಿಸ್ತಿದ್ದಿ, ಈಗ ನಿಂತೈತಿಲ್ಲೋ?"

ಸಿಪಾಯಿ ತಲೆ ತಗ್ಗಿಸಿ ಬೂಟು ನೋಡಿಕೊಂಡ. "ನಿಂತೈತವ್ವ, ಮೆಲ್ಲಕ ಮಾತಾಡು!"

"ಊಟ ಆತೇನ?"

"ಆತವ್ವ!"

ಎಲ್ಲಿಯ ಊಟ? ನಮಗೆ ಗತಿ ಒಣ ಅವಲಕ್ಕಿ. ಆದರೂ ಆ ಪ್ರಶ್ನೆಗೆ ನಮ್ಮ ಕಡೆ ಇಲ್ಲ ಅಂದವರುಂಟೇ!

ಗಡಿಗಲ್ಲಿನ ನೈವೇದ್ಯ

ಒಂದು ಮುಂಜಾನೆ ಕಾಲುವೆ ನಡುವಿನ ಗಡಿಗಲ್ಲಿನ ಮೇಲೆ ಬುಟ್ಟಿ ತುಂಬ ಹೋಳಿಗೆ, ಮೊಸರನ್ನ. ಮೇಲೆ ಬೇವಿನ ಸೊಪ್ಪು, ಕಲ್ಲಿಗೆ ಕುಂಕುಮ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಪಕ್ಕದೂರಿನವರು ಬೇನೆಯ ಅಮ್ಮನನ್ನು ಎಡೆ ಸಮೇತ ನಮ್ಮ ಗಡಿಗೆ ಸಾಗಹಾಕಿದ್ದಾರೆ! ಅದನ್ನು ಮುಟ್ಟಿದರೆ ಮುಗಿಯಿತು.

"ಗುಂಡಿಗೆ ಎದಿ ಕೊಡ್ತೀನ್ರಿ, ಇದರ ತಂಟಿ ಬ್ಯಾಡ," ಎಂದ ಸಿಪಾಯಿ. ಡಾಕ್ಟರು ಇದೆಲ್ಲ ಮೂಢನಂಬಿಕೆ ಎಂದು ಇಂಗ್ಲಿಷಿನಲ್ಲಿ ಬೈದು, ತಾವೇ ಮೊದಲು ಕೈ ಮುಗಿದರು. ಮೂರು ದಿನ ಮೂರು ಬುಟ್ಟಿ ಬಂದವು. ಮೂರು ದಿನವೂ ನಾವು ನಾಲ್ವರು ಕೈ ಮುಗಿದು, ವಾಸನೆ ಕುಡಿದು, ಅವಲಕ್ಕಿ ತಿಂದೆವು.

ಕೊನೆಯ ದಿನ

ಅವನ ರಜೆ ಮುಗಿಯುವ ಬೆಳಿಗ್ಗೆ ತಾಯಿ ಆಚೆ ದಡದಿಂದ ನೋಡುತ್ತಾಳೆ: ಹೋಳಿಗೆಯನ್ನು ಕಾಗೆಗಳು ಎಳೆದಾಡುತ್ತಿವೆ. ಹಿರಿಯರ ಕೋಲನ್ನು ಪಕ್ಕಕ್ಕೆ ತಳ್ಳಿ, ಸೀರೆ ಎತ್ತಿ ಕಟ್ಟಿ, ಅವತ್ತಿನ ಹೊಸ ಬುಟ್ಟಿಯನ್ನು ತಲೆ ಮೇಲಿಟ್ಟುಕೊಂಡು ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟಳು.

"ಊರು ಕಾಯೋರು ನೀವು ನಾಕು ಮಂದಿ ಉಣ್ಲಿ ಅಂತ ಹೆಣ್ಮಕ್ಕಳೆಲ್ಲ ಕೂಡಿ ಮಾಡೀವಿ. ಬ್ಯಾನಿ ತಾಗದಿರ್ಲಿ ಅಂತ ಬೇವು ಹಾಕಿ, ಕಲ್ಲಿಗೆ ಕುಂಕುಮ ಹಚ್ಚಿದ್ರ ಕಾಗಿಗೆ ಹಾಕ್ತೀರೇನ್ರೋ?"

"ಇನ್ನ ಹತ್ತು ದಿನ ನೀ ಇತ್ತಾಗ ಬರಂಗಿಲ್ಲ!" ಎಂದು ಹಿರಿಯರು ಕೂಗಿದರು.

"ಯಾವಳು ಬರ್ತಾಳ ಹೋಗ್ರಿ!"

ಹತ್ತು ದಿನ ತಡೆದ ಸಿಪಾಯಿ ಬಿಕ್ಕಿ ಬಿಕ್ಕಿ ಅತ್ತ. ನಾವೂ ಕಣ್ಣೊರೆಸಿಕೊಂಡು, ಎಡಗೈಯಿಂದ ಮಾತ್ರ ಒರೆಸಿಕೊಂಡು, ಹೋಳಿಗೆ ತಿಂದೆವು. ಅವನೊಬ್ಬನೇ ಎಂಟು ತಿಂದ. ಡಾಕ್ಟರು ತಾಯಿಗೆ ಅಲ್ಲೇ ಪ್ಲೇಗಿನ ಸೂಜಿ ಚುಚ್ಚಿದರು.

ಮಧ್ಯಾಹ್ನ ಸ್ಟೇಷನ್ನಿನಲ್ಲಿ ಗುಡಿಸುವ ಅಕ್ಕ ಪೊರಕೆ ಹೆಗಲಿಗೇರಿಸಿ ಸಲ್ಯೂಟು ಹೊಡೆದಳು. ಸಿಪಾಯಿ ಅವಳಿಗೂ, ನನಗೂ, ಕಡೆಗೆ ಡಾಕ್ಟರಿಗೂ ಹೊಡೆದ. ಡಾಕ್ಟರ ಎದೆ ಒಂದು ಗೇಣು ಉಬ್ಬಿತು. ತಾಯಿ ಕಿಟಕಿ ಹಿಡಿದು ಕೇಳಿದಳು, "ಊಟ ಆತೇನೋ?"

ಹೊಟ್ಟೆಯಲ್ಲಿ ಎಂಟು ಹೋಳಿಗೆ ಇಟ್ಟುಕೊಂಡವನು ಅವಳ ಮುಖ ನೋಡಿ, "ಇಲ್ಲವ್ವ," ಅಂದುಬಿಟ್ಟ.

ತಗೋ! ತಾಯಿ ಬುಟ್ಟಿ ಹಿಡಿದು ಗಾರ್ಡಿನ ಕಡೆ ಓಡಿದಳು. "ನಿಲ್ಲಸೋ ತಮ್ಮಾ, ನನ್ನ ಮಗ ಉಂಡಿಲ್ಲ!"

ಬೇನೆಯ ದಿನಗಳಲ್ಲೂ ಒಂದು ದಿನ ತಪ್ಪಿಸದೆ ರೈಲು ಓಡಿಸಿದ ಗಾರ್ಡು ಹಸಿರು ಬಾವುಟವನ್ನು ಕಂಕುಳಿಗೆ ಸೇರಿಸಿದ.

"ನಾನೂ ಉಂಡಿಲ್ಲವ್ವ," ಎಂದು ಕೈಯೊಡ್ಡಿದ.